ಗೆಳೆಯನಿಗೊಂದು ಪತ್ರ: ಇಂಗ್ಲಿಷಿನಲ್ಲಿ ಬರೆಯದೆ ಉಳಿದ ಸಾಲು

ಪ್ರಿಯ ಮಂಜುನಾಥ,

ಜರ್ಮನಿಯ ವಿದ್ಯಾರ್ಥಿಗಳೊಂದಿಗೆ ನಮ್ಮ ತರಗತಿಯವರ ಆನ್‌ಲೈನ್ ಒಡನಾಟ ಹೇಗೆ ನಡೆದಿದೆಯೆಂದು ನೀನು ಕೇಳಿದ್ದೆ. ಅಲ್ಲಿ ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುವುದರಿಂದ, ಸಂಜೆ 5.30ಕ್ಕೆ ಕೂಡುತ್ತಿದ್ದ ನಾವು ಈಗ 6.30ಕ್ಕೆ ಕೂಡುತ್ತೇವೆ, ಅವರಿಗೆ ಮಾತ್ರ ಎಂದಿನಂತೆ ಮಧ್ಯಾಹ್ನ ಎರಡು ಗಂಟೆ.

ಹೋದ ವಾರ ಅಧ್ಯಾಪಕರು ಎರಡೂ ಕಡೆಯವರಿಗೆ ಒಂದೇ ಪ್ರಶ್ನಾವಳಿ ಕೊಟ್ಟು, ‘ಒಳ್ಳೆಯ ತಂದೆ ಎಂದರೆ’ ಎಂಬಂಥ ಅರ್ಧ ವಾಕ್ಯಗಳನ್ನು ಪೂರ್ಣಗೊಳಿಸಲು ಹೇಳಿದರು. 1997ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಫ್ರೆಂಚ್ ಕಲಿಸುತ್ತಿದ್ದ ಜಿಲ್ಬರ್ಟ್ ಫರ್ಸ್ಟೆನ್‌ಬರ್ಗ್ ಮತ್ತು ಅವರ ಸಹೋದ್ಯೋಗಿಗಳು ಆರಂಭಿಸಿದ ‘ಕುಲ್ತುರಾ’ ಯೋಜನೆಯಲ್ಲಿ ಇಂಥದೇ ಕ್ರಮವಿತ್ತು. ಆದರೆ ಅಲ್ಲಿ ಅಮೆರಿಕದವರು ಇಂಗ್ಲಿಷಿನಲ್ಲಿ, ಫ್ರಾನ್ಸಿನವರು ಫ್ರೆಂಚಿನಲ್ಲಿ ಬರೆದರು. ಉತ್ತರಗಳನ್ನು ಅಕ್ಕಪಕ್ಕ ಇಟ್ಟು ಓದಿ ಚರ್ಚಿಸುವಾಗಲೂ ಪ್ರತಿಯೊಬ್ಬರೂ ತಮ್ಮ ಭಾಷೆಯನ್ನೇ ಬಳಸಿದರು. ಮನಸ್ಸಿನಲ್ಲಿರುವುದು ಪೂರ್ತಿಯಾಗಿ ಹೊರಬರಲಿ ಎಂಬುದೇ ಅದರ ಉದ್ದೇಶ.

ನಾವಾದರೋ ಎರಡೂ ಕಡೆಯವರು ಇಂಗ್ಲಿಷಿನಲ್ಲೇ ಬರೆಯುತ್ತೇವೆ. ಅವರಿಗೆ ಕನ್ನಡ ಬಾರದು, ನಮಗೆ ಜರ್ಮನ್ ಬಾರದು. ಅಷ್ಟೇಕೆ, ಬೆಂಗಳೂರಿನ ನಮ್ಮ ಗುಂಪಿನಲ್ಲೇ ಕಲಬುರಗಿಯವನೂ ಇಂಫಾಲದವಳೂ ಪರಸ್ಪರ ಮಾತನಾಡಲು ಇಂಗ್ಲಿಷ್ ಬೇಕು. ಹೀಗಾಗಿ ‘ಮಕ್ಕಳಿಗೆ ಬೆಂಬಲವಾಗಿ ನಿಲ್ಲುವವನು’, ‘ಮಕ್ಕಳ ಆಯ್ಕೆಯನ್ನು ಗೌರವಿಸುವವನು’ ಎಂಬ ಉತ್ತರಗಳೇ ಎರಡೂ ಕಡೆ ಸಾಲಾಗಿ ಬಂದವು. ನಮ್ಮ ನಡುವೆ ಎಷ್ಟೊಂದು ಸಾಮ್ಯವೆಂದು ಎಲ್ಲರೂ ಸಂತೋಷಪಟ್ಟರು. ನನಗೆ ಮಾತ್ರ ಆ ಸಾಮ್ಯ ನಮ್ಮ ಬದುಕಿನದೋ, ನಾವೆಲ್ಲ ಒಂದೇ ಬಗೆಯ ಪುಸ್ತಕಗಳಿಂದ ಕಲಿತ ಇಂಗ್ಲಿಷಿನದೋ ಎಂಬ ಸಂಶಯ ಇನ್ನೂ ಕಾಡುತ್ತಿದೆ.

ಏಕೆಂದರೆ ಟೈಪ್ ಮಾಡುವ ಮೊದಲು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬೇರೆಯೇ ಬರೆದಿದ್ದೆ: ‘ಒಳ್ಳೆಯ ತಂದೆ ಎಂದರೆ, ಮಗ ಸೋತು ಬಂದ ದಿನವೂ ಅವನ ಜೊತೆ ಊಟಕ್ಕೆ ಕೂರುವವನು.’ ಪಿಯುಸಿ ಫಲಿತಾಂಶ ಬಂದ ರಾತ್ರಿ ಅಪ್ಪ ಊಟಕ್ಕೆ ಕೂರಲಿಲ್ಲ. ಆ ಬಗ್ಗೆ ಅಪ್ಪನೂ ನಾನೂ ಈವರೆಗೆ ಮಾತನಾಡಿಲ್ಲ, ನನಗೆ ಅದು ಇಂದಿಗೂ ನೋಯುತ್ತದೆ. ಜರ್ಮನಿಯ ಹುಡುಗನೊಬ್ಬನಿಗೆ ತನ್ನ ತಂದೆಯ ಬಗ್ಗೆ ಇಂಥದೇನಾದರೂ ಹೇಳಲಿಕ್ಕಿತ್ತೋ ಏನೋ, ಅದೂ ನಮಗೆ ತಲುಪಲಿಲ್ಲ.

ಇಷ್ಟೆಲ್ಲ ನಾಲ್ಕು ಜನ ಓದುವ ಕಡೆ ಬರೆಯಬೇಕೆಂದಿರಲಿಲ್ಲ, ಇರಲಿ ಬಿಡು. ಮುಂದಿನ ಸುತ್ತಿನಲ್ಲಿ ಎಲ್ಲರೂ ಮೊದಲು ಮನೆಮಾತಿನಲ್ಲಿ ಬರೆದು, ಆಮೇಲೆ ಅದನ್ನು ಇಂಗ್ಲಿಷಿನಲ್ಲಿ ವಿವರಿಸೋಣವೆಂದು ಅಧ್ಯಾಪಕರನ್ನು ಕೇಳಿಕೊಂಡಿದ್ದೇನೆ, ಅವರೂ ಒಪ್ಪಿದ್ದಾರೆ. ನೀನು ಬೆಂಗಳೂರಿಗೆ ಬಂದಾಗ ವಿದ್ಯಾರ್ಥಿ ಭವನ ಹೋಟೆಲಿನ ಮುಂದೆ ದೋಸೆಗೆ ಕಾಯುತ್ತಾ ಆ ಉತ್ತರಗಳನ್ನು ಓದೋಣ. ಶುಕ್ರವಾರ ಮಾತ್ರ ಬರಬೇಡ, ಅಂದು ಅವರಿಗೆ ರಜೆ.

ಇತಿ ನಿನ್ನ,
ರಾಘು