ಪರೀಕ್ಷೆ ಎಷ್ಟು ಜನರ ಮೇಲೆ?

ಬೆಳಕು ಬಿದ್ದೊಡನೆ ಕಾದು ಕ್ಯಾನ್ಸರ್ ಗಡ್ಡೆಯನ್ನು ಸುಡುವ ನ್ಯಾನೊಕಣಗಳ (ಕಣ್ಣಿಗೆ ಕಾಣದಷ್ಟು ಸೂಕ್ಷ್ಮ ಕಣಗಳ) ಸುದ್ದಿ ಪತ್ರಿಕೆಯಲ್ಲಿ ಬಂದಾಗಲೆಲ್ಲ, ಅಪ್ಪನ ಕಾಯಿಲೆಯ ದಿನಗಳು ನೆನಪಾಗಿ ಒಂದೊಂದು ಸಾಲನ್ನೂ ಬಿಡದೆ ಓದುತ್ತೇನೆ. ಅಮೆರಿಕದಲ್ಲಿ ಚಿನ್ನದ ಲೇಪವಿರುವ ಸಿಲಿಕಾ ಕಣಗಳನ್ನು ರಕ್ತಕ್ಕೆ ಸೇರಿಸಿ, ಎಂಆರ್‌ಐ ಮತ್ತು ಅಲ್ಟ್ರಾಸೌಂಡ್ ಚಿತ್ರಗಳನ್ನು ಒಂದಾಗಿಸಿ ಗುರಿ ಹಿಡಿದು, ಅವಕೆಂಪು (ಇನ್‌ಫ್ರಾರೆಡ್) ಲೇಸರ್‌ನಿಂದ ಪ್ರಾಸ್ಟೇಟ್ (ಪುರುಷರ ಮೂತ್ರಕೋಶದ ಕೆಳಗಿನ ಗ್ರಂಥಿ) ಗಡ್ಡೆಯನ್ನು ಕಾಯಿಸಿದ ಪ್ರಯೋಗ ನಿಜಕ್ಕೂ ದೊಡ್ಡದು. ಆದರೆ 2019ರಲ್ಲಿ ಪ್ರಕಟವಾದ ಆ ವರದಿಯಲ್ಲಿದ್ದ ರೋಗಿಗಳು 16 ಮಂದಿ. ಈ ಬೆಳಕು ಮೈಯೊಳಗೆ ಹೆಚ್ಚು ಆಳಕ್ಕೆ ಇಳಿಯದು. ಒಳಗಿನ ಗಡ್ಡೆಗೆ ಲೇಸರ್ ಬೆಳಕನ್ನು ಒಯ್ಯುವ ತಂತುವನ್ನೇ ತೂರಿಸಬೇಕು. ಶಾಖದ ಜೊತೆಗೆ ಔಷಧವನ್ನೂ ಅದೇ ಕಣಕ್ಕೆ ಹೊರಿಸುವ ಸಂಯುಕ್ತ ಚಿಕಿತ್ಸೆಯಂತೂ ಬಹುಪಾಲು ಇಲಿಗಳ ಮೇಲಿನ ಪ್ರಯೋಗದಲ್ಲೇ ಇದೆ. ಇಂಥ ಸುದ್ದಿ ಹಾಕುವಾಗ, ಪರೀಕ್ಷೆ ಇಲಿಗಳ ಮೇಲೋ ಮನುಷ್ಯರ ಮೇಲೋ, ಎಷ್ಟು ಜನರ ಮೇಲೆ ಎಂಬುದನ್ನು ದಯವಿಟ್ಟು ಮೊದಲ ಪ್ಯಾರಾದಲ್ಲೇ ಮುದ್ರಿಸಿ. ತಲೆಬರಹ ನಂಬಿ, ಅಪ್ಪನ ಕೀಮೊ ಚಿಕಿತ್ಸೆ ಮುಂದೂಡೋಣವೇ ಎಂದು ನಮ್ಮ ಮನೆಯಲ್ಲೇ ಚರ್ಚೆ ನಡೆದಿತ್ತು.

– ಓದುಗರು, ಶಿವಮೊಗ್ಗ