ಪರದೆ ಕಪ್ಪಾದರೆ ಸಿನಿಮಾ ಮುಗಿಯಿತೇ?

ಮಾನ್ಯರೇ,

ಭಾನುವಾರದ ಇರಾನಿ ನಿರ್ದೇಶಕ ಅಬ್ಬಾಸ್ ಕಿಯಾರೊಸ್ತಮಿಯವರ ಚಿತ್ರಪ್ರದರ್ಶನ ಯಶಸ್ವಿಯಾಯಿತೆಂದು ನಿಮ್ಮಲ್ಲಿ ವರದಿಯಾಗಿದೆ. ಯಾವ ಯಶಸ್ಸು? ‘ಟೇಸ್ಟ್ ಆಫ್ ಚೆರಿ’ಯ ಕೊನೆಯನ್ನು ಸಭಾಂಗಣದಲ್ಲಿ ಯಾರೂ ನೋಡಲೇ ಇಲ್ಲ. ಸಾಯಲು ಹೊರಟ ನಾಯಕ ಬದೀ ತನಗಾಗಿ ತೋಡಿದ ಗುಂಡಿಯೊಳಗೆ ಮಲಗಿದ ಮೇಲೆ ಪರದೆ ಪೂರ್ತಿ ಕಪ್ಪಾಗುತ್ತದೆ, ಮಳೆಯ ಸದ್ದು ಮಾತ್ರ ಕೇಳುತ್ತಿರುತ್ತದೆ. ಅಷ್ಟಕ್ಕೇ ದೀಪ ಹಾಕಿ ವಂದನಾರ್ಪಣೆ ಶುರುಮಾಡಿದರು. ಹಸಿರು ಗುಡ್ಡ, ದಣಿವಾರಿಸಿಕೊಳ್ಳುವ ಸೈನಿಕರು, ಕ್ಯಾಮೆರಾ ತಂಡದೊಂದಿಗೆ ಸ್ವತಃ ನಿರ್ದೇಶಕ, ಜಾಝ್ ಸಂಗೀತಗಾರ ಲೂಯಿ ಆರ್ಮ್‌ಸ್ಟ್ರಾಂಗ್‌ನ ಟ್ರಂಪೆಟ್ ಇವೆಲ್ಲ ಬರುವುದು ಆ ಕತ್ತಲಾದ ಮೇಲೆ. ಈ ಭಾಗವನ್ನು ವಿಡಿಯೊದಲ್ಲಿ ತೆಗೆದದ್ದರಿಂದ ಚಿತ್ರ ತರಿತರಿಯಾಗಿಯೇ ಕಾಣಬೇಕು. 1997ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಪಡೆದ ಚಿತ್ರಕ್ಕೆ ಕತ್ತರಿ ಹಾಕಲು ಇವರು ಯಾರು?

ಅದಕ್ಕೂ ಮೊದಲು ಸನ್ಮಾನ, ಹಾರ, ಭಾಷಣಗಳಿಗಾಗಿ ಫ್ಯಾನಿಲ್ಲದ ಸಭಾಂಗಣದಲ್ಲಿ ಕಾಯಿಸಿದರು. ಕಿಯಾರೊಸ್ತಮಿ ಇರಾನಿನ ಇಸ್ಲಾಮಿಕ್ ಕ್ರಾಂತಿಯಾದಾಗ ದೇಶಬಿಟ್ಟು ಓಡಿದರೆಂದು ಅತಿಥಿಗಳು ಅಪ್ಪಣೆ ಕೊಡಿಸಿದರು. ಅವರು 1979ರ ನಂತರವೂ ಇರಾನಿನಲ್ಲೇ ಉಳಿದವರು. ಮಕ್ಕಳಿಗಾಗಿದ್ದ ‘ಕಾನೂನ್’ ಸಂಸ್ಥೆಯಲ್ಲಿ 1970ರಲ್ಲಿ ಮೊದಲ ಕಿರುಚಿತ್ರ ಮಾಡಿದರು, ಕ್ರಾಂತಿಯ ಮೇಲೂ ಅಲ್ಲೇ ಕೆಲಸ ಮುಂದುವರಿಸಿದರು. ಇಟಲಿ, ಜಪಾನಿನಲ್ಲಿ ಚಿತ್ರ ತೆಗೆದದ್ದು ಕೊನೆಯ ವರ್ಷಗಳಲ್ಲಿ. 2016ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡರು ಎಂದ ಮಾತ್ರಕ್ಕೆ ದೇಶಭ್ರಷ್ಟರಾಗುತ್ತಾರೆಯೇ?

ಪ್ರೊಜೆಕ್ಟರ್‌ನದು ಇನ್ನೊಂದು ಕಥೆ. ಅಗಲವು ಎತ್ತರದ 1.66ರಷ್ಟಿರುವ ಈ ಚಿತ್ರವನ್ನು ಅಗಲ ಪರದೆ ತುಂಬುವಂತೆ ಎಳೆದಾಗ ಮುಖಗಳೆಲ್ಲ ಊದಿಕೊಂಡವು. ಎಡಬಲದಲ್ಲಿ ತೆಳು ಕಪ್ಪುಪಟ್ಟಿ ಉಳಿಯುವುದೇ ಸರಿ, ಅದು ದೋಷವಲ್ಲ. ಸಬ್‌ಟೈಟಲ್ ಮಾತಿಗಿಂತ ಹಿಂದೆ ಬೀಳುತ್ತಲೇ ಹೋಯಿತು. ಸೆಕೆಂಡಿಗೆ 25 ಚೌಕಟ್ಟು (ಫ್ರೇಮ್) ಓಡುವ ಪ್ರತಿಗೆ 24ರ ಸಬ್‌ಟೈಟಲ್ ಫೈಲ್ ಹಚ್ಚಿದರೆ ಗಂಟೆಯೊಳಗೆ ಎರಡು ನಿಮಿಷಕ್ಕೂ ಹೆಚ್ಚು ವ್ಯತ್ಯಾಸ ಬೀಳುತ್ತದೆ. ಹಿಂದಿನ ದಿನ ಹತ್ತು ನಿಮಿಷ ಆರಂಭ, ನಡು, ಕೊನೆ ಓಡಿಸಿ ನೋಡಿದ್ದರೆ ಗೊತ್ತಾಗುತ್ತಿತ್ತು.

ಇದು ಹೊಸ ರೋಗವೂ ಅಲ್ಲ. ಹಿಂದೊಮ್ಮೆ ಕಿಯಾರೊಸ್ತಮಿಯವರದೇ ‘ಕ್ಲೋಸಪ್’ ತೋರಿಸಿದಾಗ, ನಿರ್ದೇಶಕ ಮಖ್ಮಲ್‌ಬಾಫ್ ಮತ್ತು ತಾನೇ ಅವರೆಂದು ನಟಿಸಿ ಸಿಕ್ಕಿಬಿದ್ದ ಸಬ್ಜಿಯಾನ್ ಬೈಕಿನಲ್ಲಿ ಹೋಗುವಾಗ ಧ್ವನಿ ಕಡಿದುಕಡಿದು ಬರುತ್ತದೆಂದು ಆಪರೇಟರ್ ಚಿತ್ರ ನಿಲ್ಲಿಸಿ ವೈರು ಕೀಳಲು ಹೋಗಿದ್ದ. ಆ ಮಾತು ನಮಗೆ ಪೂರ್ತಿ ಕೇಳಬಾರದೆಂದು ಕಿಯಾರೊಸ್ತಮಿಯವರೇ ಬೇಕೆಂದು ಧ್ವನಿ ಕಡಿದಿದ್ದಾರೆ! ಆಗ ಕೊಟ್ಟ ಮನವಿಗೆ ಅಧಿಕಾರಿಗಳಿಂದ ಉತ್ತರವಿಲ್ಲ. ಸಭಾಂಗಣದ ಸ್ಪೀಕರ್, ಶೌಚಾಲಯದ ಬಗ್ಗೆ ಕೊಟ್ಟ ಮನವಿಗೂ ಇಲ್ಲ. ಫಲಕಕ್ಕೆ ಮಾತ್ರ ಹೊಸ ಬಣ್ಣ ಬಂದಿದೆ.

ಸಂಬಂಧಪಟ್ಟವರು ಆ ಚಿತ್ರವನ್ನು ಪೂರ್ತಿಯಾಗಿ ಮತ್ತೆ ತೋರಿಸಬೇಕು, ಇಲ್ಲವೇ ಚಿತ್ರೋತ್ಸವದ ಗೊಡವೆ ಬಿಟ್ಟು ಹಾರ ಹಾಕಿಕೊಳ್ಳುವ ಸಮಾರಂಭಗಳನ್ನೇ ನಡೆಸಲಿ. ವರದಿ ಬರೆಯುವವರೂ ಸ್ವಲ್ಪ ನೋಡಿ ಬರೆಯಲಿ.

– ಒಬ್ಬ ಪ್ರೇಕ್ಷಕ