ಊರಿನ ತರಕಾರಿಗೆ ಮದ್ದು ಸಿಂಪಡಿಸಿದ್ದು ಯಾವಾಗ?

ಮಾನ್ಯ ಸಂಪಾದಕರೇ,

ಸಾವಯವ ಆಹಾರದ ಕುರಿತು ತಮ್ಮ ವಾಚಕರ ಅಂಕಣದಲ್ಲಿ ಎರಡು ವಾರಗಳಿಂದ ನಡೆಯುತ್ತಿರುವ ಚರ್ಚೆಯನ್ನು ಓದುತ್ತಿದ್ದೇನೆ. ಸಾವಯವವೆಂಬುದು ಹಣವುಳ್ಳವರ ಶೋಕಿ ಎಂದು ಒಬ್ಬರೂ, ಪೇಟೆಯ ತರಕಾರಿಯೆಲ್ಲ ವಿಷವೇ ಎಂದು ಇನ್ನೊಬ್ಬರೂ ಬರೆದಿದ್ದಾರೆ. ಕಾಸರಗೋಡು ಜಿಲ್ಲೆಯ ಪೆರ್ಲದ ಸಮೀಪ ಒಂದಿಷ್ಟು ಅಡಿಕೆ, ತೋಟದ ಬದಿಯಲ್ಲಿ ಒಂದಿಷ್ಟು ತರಕಾರಿ ಬೆಳೆಯುವ ನನಗೆ ಈ ಎರಡು ಮಾತೂ ಒಪ್ಪಿಗೆಯಾಗಲಿಲ್ಲ.

ಪೋಷಕಾಂಶದ ವಿಚಾರವನ್ನು ಮೊದಲೇ ಮುಗಿಸಿಬಿಡುತ್ತೇನೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2012ರಲ್ಲಿ ಇನ್ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ಸಾವಯವ ಆಹಾರದಲ್ಲಿ ಪೋಷಕಾಂಶ ಹೆಚ್ಚಿದೆಯೆನ್ನಲು ಬಲವಾದ ಆಧಾರ ಸಿಗಲಿಲ್ಲ. 2014ರಲ್ಲಿ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ತಂಡಕ್ಕೆ ಅದೇ ಬಗೆಯ ಪರಿಶೀಲನೆಯಲ್ಲಿ ದೇಹಕ್ಕೆ ಒಳ್ಳೆಯದೆನ್ನುವ ಆಂಟಿಆಕ್ಸಿಡೆಂಟ್ ಹೆಚ್ಚಾಗಿಯೂ ಕ್ಯಾಡ್ಮಿಯಂ ಎಂಬ ವಿಷಲೋಹ ಕಡಿಮೆಯಾಗಿಯೂ ಕಂಡಿತು. ಇಬ್ಬರಿಗೂ ಸಮಾನವಾಗಿ ಕಂಡದ್ದು ಒಂದೇ, ಸಾವಯವದಲ್ಲಿ ಕೀಟನಾಶಕದ ಉಳಿಕೆ ಕಡಿಮೆ. ಕಡಿಮೆ ಎಂದಷ್ಟೇ ಅವರು ಹೇಳಿದ್ದು. ಇಲ್ಲವೇ ಇಲ್ಲವೆಂದು ಹೇಳಿಲ್ಲ.

ಆದರೆ ಈ ಚರ್ಚೆಯೆಲ್ಲ ತಿನ್ನುವವರ ತಟ್ಟೆಯನ್ನು ಮಾತ್ರ ನೋಡುತ್ತದೆ. ನಮ್ಮ ಜಿಲ್ಲೆಯ ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ, 2000ನೇ ಇಸವಿಯವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸುರಿದರು. ಪಡ್ರೆ, ಸ್ವರ್ಗ, ವಾಣಿನಗರದ ಕಡೆಯ ಮಕ್ಕಳಿಗೆ ಅದು ಅಂಗಡಿಯ ಚೀಲದಲ್ಲಿ ಬಂದದ್ದಲ್ಲ. ಗಾಳಿಯಲ್ಲಿ, ತೋಡಿನಲ್ಲಿ, ಗುಡ್ಡಕ್ಕೆ ಕೊರೆದ ಸುರಂಗದ ನೀರಿನಲ್ಲಿ ಬಂತು. ಸುಪ್ರೀಂ ಕೋರ್ಟು 2011ರ ಮೇ ತಿಂಗಳಲ್ಲಿ ಆ ಮದ್ದನ್ನು ದೇಶದಲ್ಲೇ ತಡೆಹಿಡಿಯಿತು, 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿತು. ಇಷ್ಟಾದ ಮೇಲೂ ಕಾಸರಗೋಡಿನವರು ಸಾವಯವವನ್ನು ಶೋಕಿ ಎಂದು ಕರೆಯುವುದನ್ನು ಓದಿದರೆ ಸೋಜಿಗವಾಗುತ್ತದೆ.

ಹಾಗೆಂದು ಘಟ್ಟದ ಮೇಲಿನಿಂದ ಲಾರಿಯಲ್ಲಿ ಬರುವ ತರಕಾರಿಯನ್ನು ಬೈದು ಕೈತೊಳೆದುಕೊಳ್ಳುವಂತೆಯೂ ಇಲ್ಲ. 'ಘಟ್ಟದ್ದು' ಎಂದರೆ ವಿಷ, 'ಊರಿನದ್ದು' ಎಂದರೆ ಶುದ್ಧ ಎಂದು ನಮ್ಮಲ್ಲಿ ಒಂದು ನಂಬಿಕೆ ಬೇರೂರಿದೆ. ಆ ನಂಬಿಕೆಯನ್ನು ನಾನೇ ಕೆಡಿಸಿದ್ದೇನೆ. ಹೋದ ಬೇಸಿಗೆಯಲ್ಲಿ ನಮ್ಮ ಅಲಸಂಡೆಗೆ ಕರಿಹೇನು ಬಿದ್ದು, ಚಿಗುರು, ಹೂವಿನ ತೊಟ್ಟು, ಎಳೆಕಾಯಿಗಳಿಗೆಲ್ಲ ಕಾಡಿಗೆ ಬಳಿದಂತೆ ಮೆತ್ತಿಕೊಂಡಿತು. ಬೂದಿ ಎರಚಿದೆ. ಬೇವಿನೆಣ್ಣೆಗೆ ಬೆಳ್ಳುಳ್ಳಿ ರಸವನ್ನೂ ಸೋಪಿನ ನೀರನ್ನೂ ಕದಡಿ ಎರಡು ಸಲ ಸಿಂಪಡಿಸಿದೆ. ಮೂರನೆಯ ಸಲಕ್ಕೆ ತಾಳ್ಮೆ ತಪ್ಪಿ ಪೇಟೆಯಿಂದ ಕೀಟನಾಶಕದ ಒಂದು ಸಣ್ಣ ಬಾಟಲಿ ತಂದೆ. ಒಂದು ಪಂಪಿಗೆ ಎಷ್ಟು ಮುಚ್ಚಳ ಹಾಕಬೇಕೆಂದು ಅಂಗಡಿಯವರು ಹೇಳಿದರೇ ವಿನಾ, ಬಿಟ್ಟ ಮೇಲೆ ಎಷ್ಟು ದಿನ ಕೊಯ್ಯಬಾರದೆಂದು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಲಸಂಡೆಯನ್ನು ದಿನ ಬಿಟ್ಟು ದಿನ ಕೊಯ್ಯದಿದ್ದರೆ ಬಲಿತು ನಾರಾಗುತ್ತದೆ, ಒಂದು ವಾರ ಕಾಯುವುದೆಂದರೆ ಮೂರು ಕೊಯ್ಲು ಕಳೆದುಕೊಂಡಂತೆ. ಮೂರನೆಯ ದಿನವೇ ಕೊಯ್ದು, ಬಾಳೆನಾರಿನಿಂದ ಕಟ್ಟು ಕಟ್ಟಿ, ತರಕಾರಿ ಅಂಗಡಿಗೆ ಕೊಟ್ಟೆ. ಅಲ್ಲಿ ಅದು 'ಊರಿನ ಅಲಸಂಡೆ' ಎಂಬ ಹಲಗೆಯ ಕೆಳಗೆ, ಘಟ್ಟದ್ದಕ್ಕಿಂತ ಕಿಲೋಗೆ 20 ರೂಪಾಯಿ ಹೆಚ್ಚಿಗೆ ಮಾರಾಟವಾಯಿತು. ಆ ದಿನ ನಮ್ಮ ಮನೆಯ ಪಲ್ಯಕ್ಕೆ ಮಾತ್ರ ಮದ್ದು ತಾಗದ ಕೊನೆಯ ಸಾಲಿನಿಂದ ಕೊಯ್ದಿದ್ದೆನೆಂಬುದನ್ನೂ ಇಲ್ಲಿ ಬರೆಯಲೇಬೇಕು.

ಸಾವಯವವೆಂದರೆ ಏನನ್ನೂ ಸಿಂಪಡಿಸದೆ ಬೆಳೆದದ್ದೆಂಬ ತಿಳಿವಳಿಕೆಯೂ ಸರಿಯಲ್ಲ. ಅಡಿಕೆಯ ಕೊಳೆರೋಗಕ್ಕೆ ನಾವು ಬಿಡುವ ಬೋರ್ಡೋ ದ್ರಾವಣವನ್ನೇ ನೋಡಿ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಕದಡಿದ ಮೇಲೆ ಹೊಳೆಯುವ ಕಬ್ಬಿಣದ ಕತ್ತಿಯನ್ನು ಅದ್ದಿ ತೆಗೆದರೆ ಅಲಗು ಕೆಂಪಾಗಬಾರದು, ಕೆಂಪಾದರೆ ಇನ್ನಷ್ಟು ಸುಣ್ಣ ಬೇಕು. ತಾಮ್ರದ ಈ ಮದ್ದನ್ನು ಸಾವಯವ ಕೃಷಿಯ ನಿಯಮಗಳು ಕಟ್ಟುಪಾಡಿನೊಡನೆ ಒಪ್ಪುತ್ತವೆ. ಆದ್ದರಿಂದ ಸಾವಯವದ ಗುರುತಿರುವ ಪೊಟ್ಟಣ ಕೊಳ್ಳುವವರು ತಿಳಿಯಬೇಕಾದದ್ದು, ಯಾವ ಮದ್ದನ್ನು ಯಾವಾಗ ಬಿಟ್ಟರೆಂಬ ಲೆಕ್ಕವನ್ನು ಬೇರೊಬ್ಬರು ಪರಿಶೀಲಿಸಿದ್ದಾರೆಯೇ ಎಂಬುದನ್ನು. ಸಾವಯವವೆಂದು ಪೊಟ್ಟಣ ಕಟ್ಟಿ ಅಂಗಡಿಯಲ್ಲಿ ಮಾರಲು ಎನ್‌ಪಿಒಪಿ (ಸಂಸ್ಥೆಯೊಂದು ಪರಿಶೀಲಿಸಿ ಕೊಡುವ) ಅಥವಾ ಪಿಜಿಎಸ್ (ಬೆಳೆಗಾರರ ಗುಂಪು ಪರಸ್ಪರ ಪರಿಶೀಲಿಸಿ ಕೊಡುವ) ಪ್ರಮಾಣೀಕರಣ ಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2017ರ ನಿಯಮ ಹೇಳುತ್ತದೆ. ಆ ನಿಯಮದೊಡನೆ ಬಂದ ಗುರುತು 'ಜೈವಿಕ್ ಭಾರತ್' ಮುದ್ರೆ. ಸಣ್ಣ ಬೆಳೆಗಾರರು ತಾವೇ ನೇರವಾಗಿ ಗ್ರಾಹಕರಿಗೆ ಮಾರುವುದಾದರೆ ವಿನಾಯಿತಿಯಿದೆ. ಬಿಡಿಯಾಗಿ ಬುಟ್ಟಿಯಲ್ಲಿಟ್ಟು, ರಟ್ಟಿನ ಮೇಲೆ 'ಸಾವಯವ' ಎಂದು ಬರೆದಿಡುವ ಅಂಗಡಿಗೆ ಈ ವಿನಾಯಿತಿ ಹೇಗೆ ಸಲ್ಲುತ್ತದೆಯೋ ನನಗಂತೂ ಅರ್ಥವಾಗಿಲ್ಲ.

ಬೆಳೆಗಾರರೆಲ್ಲ ಒಮ್ಮೆಗೇ ಸಾವಯವಕ್ಕೆ ತಿರುಗಲಿ ಎಂಬ ಸಲಹೆಗೆ ಶ್ರೀಲಂಕಾ ಉತ್ತರ ಕೊಟ್ಟಿದೆ. 2021ರ ಏಪ್ರಿಲಿನಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ನಿಷೇಧಿಸಿದ ಸರಕಾರ ಅದೇ ನವೆಂಬರಿನಲ್ಲಿ ಹಿಂದೆ ಸರಿಯಬೇಕಾಯಿತು. ತೆಂಗು, ಅಡಿಕೆ, ಕಾಳುಮೆಣಸಿನಂಥ ಬಹುವಾರ್ಷಿಕ ಬೆಳೆಗಳಿಗೆ ಪ್ರಮಾಣಪತ್ರ ಸಿಗಬೇಕಾದರೆ ಮೂರು ವರ್ಷಗಳ ಪರಿವರ್ತನೆಯ ಅವಧಿಯಿದೆ. ಆ ಅವಧಿಯಲ್ಲಿ ಇಳುವರಿ ಇಳಿದರೂ ಮಾರುವ ಬೆಲೆ ಏರುವುದಿಲ್ಲ.

ಕೇರಳ ಕೃಷಿ ವಿಶ್ವವಿದ್ಯಾಲಯದ ವೆಳ್ಳಾಯಣಿ ಪ್ರಯೋಗಾಲಯವು 'ಸೇಫ್ ಟು ಈಟ್' ಯೋಜನೆಯಡಿ ಮಾರುಕಟ್ಟೆಯ ತರಕಾರಿಗಳಲ್ಲಿ ಕೀಟನಾಶಕದ ಉಳಿಕೆಯನ್ನು ಪರೀಕ್ಷಿಸಿ ವರದಿ ಪ್ರಕಟಿಸುತ್ತ ಬಂದಿದೆ. ನಾವು ನಿತ್ಯ ಒಗ್ಗರಣೆಗೆ ಹಾಕುವ ಕರಿಬೇವಿನ ಹೆಸರು ಆ ವರದಿಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡಿದೆ. ಆದರೆ ವೆಳ್ಳಾಯಣಿ ಇರುವುದು ರಾಜ್ಯದ ಆ ತುದಿಯಲ್ಲಿ, ತಿರುವನಂತಪುರದ ಬಳಿ. ಅದೇ ವಿಶ್ವವಿದ್ಯಾಲಯದ ಕಾಲೇಜು ನಮ್ಮ ಜಿಲ್ಲೆಯ ಪಡನ್ನಕ್ಕಾಡಿನಲ್ಲಿಯೂ ಇದೆ. ಸರಕಾರ ಸಾವಯವ ಜಿಲ್ಲೆ ಎಂದು ಘೋಷಿಸಿದ ಕಾಸರಗೋಡಿನಲ್ಲಿ, ಮಂಜೇಶ್ವರದಿಂದ ತೃಕ್ಕರಿಪುರದವರೆಗಿನ ಸಂತೆ ಅಂಗಡಿಗಳ ಮಾದರಿಗಳನ್ನು ಆ ಕಾಲೇಜಿನಲ್ಲಿ ಪರೀಕ್ಷಿಸಿ, ಫಲಿತಾಂಶವನ್ನು ಪ್ರತಿ ತಿಂಗಳೂ ಮಲಯಾಳದಲ್ಲಿಯೂ ಕನ್ನಡದಲ್ಲಿಯೂ ಪಂಚಾಯತಿನ ಫಲಕಕ್ಕೆ ಹಚ್ಚುವ ಏರ್ಪಾಡನ್ನು ಸಂಬಂಧಪಟ್ಟವರು ಮಾಡಬೇಕೆಂದು ಕೋರುತ್ತೇನೆ. ಮದ್ದು ಮಾರುವ ಅಂಗಡಿಗಳಲ್ಲಿ, ಯಾವುದನ್ನು ಬಿಟ್ಟ ಮೇಲೆ ಎಷ್ಟು ದಿನ ಕೊಯ್ಯಬಾರದೆಂಬ ಪಟ್ಟಿಯನ್ನು ಎರಡೂ ಭಾಷೆಗಳಲ್ಲಿ, ಓದಲಾಗುವಷ್ಟು ದೊಡ್ಡ ಅಕ್ಷರದಲ್ಲಿ ತೂಗುಹಾಕಬೇಕು. ಮಾದರಿ ಸಂಗ್ರಹಿಸಲು ಬರುವವರು ಘಟ್ಟದ ಲಾರಿಯಿಂದ ಇಳಿದದ್ದರ ಜೊತೆಗೆ 'ಊರಿನದ್ದು' ಎಂಬ ಹಲಗೆಯ ಕೆಳಗಿನ ಬುಟ್ಟಿಯಿಂದಲೂ ಒಂದು ಕಟ್ಟು ತೆಗೆದುಕೊಂಡು ಹೋಗಲಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಕೃಷಿಕ
ಪೆರ್ಲ, ಕಾಸರಗೋಡು ಜಿಲ್ಲೆ